ಒಂದೇ ಸೀಸೆಯ ಕಿತ್ತಳೆ: ಮೂರು ವರ್ಷ ಬಳಸಿದ ಮೇಲೆ

ಬಾಹ್ಯಾಕಾಶ ನೌಕೆಗಳ ಮಾದರಿಗಳಿಗೆಂದೇ ತಯಾರಾದ, ನಾಲ್ಕು ಸೀಸೆಗಳ ಈ ಅಕ್ರಿಲಿಕ್ ಸೆಟ್ಟನ್ನು ನಾನು 1,450 ರೂಪಾಯಿ ಕೊಟ್ಟು ತರಿಸಿಕೊಂಡು ಮೂರು ವರ್ಷಗಳಾದವು. ಬಿಳಿ, ಕಪ್ಪು ಮತ್ತು ಲೋಹದ ಬೂದು ಬಣ್ಣಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಒಂದು ಕೋಟು ಒಣಗುವುದಕ್ಕೆ ಇಡೀ ರಾತ್ರಿ ಬೇಕಾಗುತ್ತದೆ ಎಂಬುದು ಬಣ್ಣದ ತಪ್ಪಲ್ಲ, ಊರಿನದು. ನಾನು ಬರೆಯಲು ಕುಳಿತಿರುವುದು ನಾಲ್ಕನೆಯ ಸೀಸೆಯಿಂದಾಗಿ, ಅಂದರೆ ಅಮೆರಿಕದ ಸ್ಪೇಸ್ ಶಟಲ್‌ನ ಹೊರ ಇಂಧನ ಟ್ಯಾಂಕಿಗೆಂದು ಕೊಟ್ಟಿರುವ ಕಿತ್ತಳೆಯಿಂದಾಗಿ.

ಪ್ರತಿ ಭಾನುವಾರ ಬೆಳಗಿನ ಕಾಫಿಯ ನಂತರ ಸೀಸೆಯನ್ನು ಅಂಗೈಗಳ ನಡುವೆ ಕಡೆಗೋಲಿನಂತೆ ಉರುಳಿಸಿ, ಮೂತಿಯಲ್ಲಿ ಗಟ್ಟಿಯಾದ ಬಣ್ಣವನ್ನು ಹೊಲಿಗೆ ಸೂಜಿಯಿಂದ ಬಿಡಿಸಿ, ಮೊದಲ ಹನಿಯನ್ನು ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಬಳಿದು ನೋಡುವುದು ನನ್ನ ರೂಢಿ. ಮದುವೆಯೂಟದ ಐಸ್‌ಕ್ರೀಮ್ ಚಮಚಗಳನ್ನು ತೊಳೆದು ಜೇಬಿಗಿಳಿಸುವ ನನ್ನ ಚಾಳಿಯನ್ನು ಮನೆಯವರು ಈಗ ಸಹಿಸಿಕೊಂಡಿದ್ದಾರೆ. ಪ್ರತಿಯೊಂದು ಚಮಚದ ಹಿಡಿಯ ಮೇಲೂ ಯಾವ ಬಣ್ಣಕ್ಕೆ ಯಾವುದನ್ನು ಎಷ್ಟು ಹನಿ ಬೆರೆಸಿದ್ದೇನೆ ಎಂಬ ಲೆಕ್ಕವಿದೆ.

ಆ ಚಮಚಗಳ ಸಾಲಿನಲ್ಲಿ ಈ ಕಿತ್ತಳೆ ಮೊದಲಿನಿಂದಲೂ ನನ್ನನ್ನು ಕೆಣಕಿತು. ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬೂದು ಪ್ರೈಮರ್ ಮೇಲೆ ನಾಲ್ಕು ಕೋಟು ಬಳಿದರೂ ಅದು ಮುಚ್ಚಲಿಲ್ಲ. ಬಿಳಿಯ ತಳ ಹಾಕಿದ ಮೇಲೆ ಮುಚ್ಚಿತಾದರೂ ಟ್ಯಾಂಕು ಕೇಸರಿಬಾತಿನಂತೆ ಕಂಡಿತು. ಫೋಟೋಗಳಲ್ಲಿ ನಾನು ನೋಡಿದ್ದ ಟ್ಯಾಂಕುಗಳು ಮಳೆಗೆ ನೆನೆದ ಹೆಂಚಿನ ಬಣ್ಣದವು. ಪೆಟ್ಟಿಗೆಯ ಮೇಲೆ ‘ಐತಿಹಾಸಿಕವಾಗಿ ನಿಖರ’ ಎಂದು ಅಚ್ಚು ಹಾಕಿದವರ ಮೇಲೆ ಮೊದಲ ವರ್ಷವಿಡೀ ನನಗೆ ಸಿಟ್ಟಿತ್ತು.

ಆ ಸಿಟ್ಟು ಅರ್ಧಕ್ಕಿಳಿದದ್ದು ಟ್ಯಾಂಕಿನ ಮೇಲಿರುವುದು ಬಣ್ಣವೇ ಅಲ್ಲ ಎಂದು ತಿಳಿದ ಮೇಲೆ. 1981ರ ಮೊದಲ ಎರಡು ಹಾರಾಟಗಳಲ್ಲಿ ಮಾತ್ರ ಟ್ಯಾಂಕಿಗೆ ಬಿಳಿ ಬಳಿದಿದ್ದರು. ಅದು ಬೇಕಿಲ್ಲವೆಂದು ಕಂಡುಕೊಂಡು, 1982ರ ಮಾರ್ಚಿನ ಮೂರನೆಯ ಹಾರಾಟದಿಂದ ಬಳಿಯುವುದನ್ನೇ ಬಿಟ್ಟು ಸುಮಾರು 270 ಕಿಲೋ ತೂಕ ಉಳಿಸಿದರು. ಅಲ್ಲಿಂದ ಮುಂದೆ ಕಾಣುವುದು ಶಾಖ ತಡೆಯಲು ಸಿಂಪಡಿಸಿದ ಫೋಮ್‌ನ ಸ್ವಂತ ಬಣ್ಣ. ಸಿಂಪಡಿಸಿದಾಗ ಅದು ತಿಳಿ ಹಳದಿಯಾಗಿದ್ದು, ಬಿಸಿಲಿನ ನೇರಳಾತೀತ ಕಿರಣ ತಾಗಿದಷ್ಟೂ ಕಿತ್ತಳೆಗೆ, ಆಮೇಲೆ ಕಂದಿಗೆ ತಿರುಗುತ್ತದೆ. ಹಾಗಾಗಿ ‘ಟ್ಯಾಂಕಿನ ಬಣ್ಣ ಯಾವುದು’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಯಾವ ಹಾರಾಟದ ಟ್ಯಾಂಕು, ಅದು ಎಷ್ಟು ದಿನ ಬಿಸಿಲಿನಲ್ಲಿ ನಿಂತಿತ್ತು ಎಂದು ಕೇಳಬೇಕು. ನನ್ನ ಕೇಸರಿಬಾತು ತಪ್ಪು ಬಣ್ಣವಾಗಿರಲಿಲ್ಲ, ಎಳೆಯ ಬಣ್ಣವಾಗಿತ್ತು.

ಈ ತಿಳಿವಳಿಕೆ ಕೆಲಸಕ್ಕೆ ಬಂದದ್ದು 2007ರ ಎಸ್‌ಟಿಎಸ್-117 ಎಂಬ ಶಟಲ್ ಹಾರಾಟದ ಮಾದರಿಯನ್ನು ಕಟ್ಟುವಾಗ. ಸುನೀತಾ ವಿಲಿಯಮ್ಸ್ ಅವರು ತಮ್ಮ ಮೊದಲ ಯಾತ್ರೆ ಮುಗಿಸಿ ಭೂಮಿಗೆ ಮರಳಿದ್ದು ಈ ಹಾರಾಟದ ಅಟ್ಲಾಂಟಿಸ್ ನೌಕೆಯಲ್ಲೇ ಎಂಬ ಕಾರಣಕ್ಕೆ ಅದನ್ನು ಆರಿಸಿಕೊಂಡಿದ್ದೆ. ಆ ವರ್ಷದ ಫೆಬ್ರವರಿ 26ರಂದು ಫ್ಲಾರಿಡಾದ ಉಡಾವಣಾ ಕಟ್ಟೆಯ ಮೇಲೆ ಆಲಿಕಲ್ಲು ಸುರಿದು ಟ್ಯಾಂಕಿನ ಫೋಮ್ ಸಾವಿರಾರು ಕಡೆ ಕುಳಿಬಿದ್ದಿತು. ಮಾರ್ಚಿನಲ್ಲಿ ಹಾರಬೇಕಿದ್ದ ನೌಕೆ ಹಾರಿದ್ದು ಜೂನ್ 8ರಂದು. ತೇಪೆ ಹಾಕಿದ ಹೊಸ ಫೋಮ್ ಬಣ್ಣ ಏರಿರದ ಕಾರಣ, ಟ್ಯಾಂಕಿನ ತುದಿಯೆಲ್ಲ ತೊನ್ನು ಬಂದಂತೆ ಮಚ್ಚೆಮಚ್ಚೆಯಾಗಿತ್ತು. 1:144ರ ಅಳತೆಯಲ್ಲಿ ಸುಮಾರು 33 ಸೆಂಟಿಮೀಟರ್ ಉದ್ದವಿರುವ ಟ್ಯಾಂಕಿಗೆ ನಾನು ಹತ್ತು ಹನಿ ಕಿತ್ತಳೆಗೆ ಮೂರು ಹನಿ ಕಂದು ಬೆರೆಸಿ ಬಳಿದೆ. ಮಚ್ಚೆಗಳಿಗೆ ಅದೇ ಕಿತ್ತಳೆಗೆ ಬಿಳಿ ಸೇರಿಸಿ, ಹಲ್ಲುಕಡ್ಡಿಯ ತುದಿಯಿಂದ ಮೂರು ಸಂಜೆ ಕೂತು ಚುಕ್ಕೆ ಇಟ್ಟೆ. ಬೇರೆ ಸೀಸೆಯ ಕಿತ್ತಳೆಯಾಗಿದ್ದರೆ ಮೈಗೂ ಮಚ್ಚೆಗೂ ಹೀಗೆ ಒಂದೇ ಕುಲದ ಬಣ್ಣ ಸಿಗುತ್ತಿರಲಿಲ್ಲವೇನೋ.

ಆದ್ದರಿಂದ ಬೆರೆಸುವ ತಾಳ್ಮೆ ಇರುವವರು ಇದನ್ನು ಕೊಳ್ಳಬಹುದು. ಸೀಸೆಯಿಂದ ನೇರವಾಗಿ ಬಳಿಯುವವರಿಗೆ ಈ ಹಣ ದಂಡ. ‘ನಿಖರ’ ಎಂಬ ಮಾತನ್ನು ತೆಗೆದು, ಫೋಮ್ ಮಾಗುವ ಬಗೆಯನ್ನು ಪೆಟ್ಟಿಗೆಯೊಳಗೆ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು. ಈಗ ಕಟ್ಟಲು ತೆಗೆದುಕೊಂಡಿರುವುದು 1981ರ ಏಪ್ರಿಲ್‌ನ ಮೊದಲ ಹಾರಾಟದ ಮಾದರಿ. ಅದಕ್ಕೆ ಕಿತ್ತಳೆ ಒಂದು ಹನಿಯೂ ಬೇಡ. ಬೇಕಾದ ಬಿಳಿಯ ಸೀಸೆ ತಳ ಕಂಡಿದೆ, ಅದನ್ನು ಕಂಪನಿಯವರು ಬಿಡಿಯಾಗಿ ಮಾರುವುದಿಲ್ಲ.