ಮೂರು ದಿನಕ್ಕೊಂದು ನಡೆ: ಚೆಸ್ ಆಪಿನಲ್ಲಿ ನಿಧಾನದ ಆಟ ಆಡಿದವನ ವಿಮರ್ಶೆ

ಸೋತ ಮೇಲೂ ಸೋತೆ ಅನ್ನದ ಮನುಷ್ಯ ಎದುರಿನವನ ಜೀವ ಎಷ್ಟು ದಿನ ಹಿಂಡಬಹುದು? ಈ ಆಪಿನಲ್ಲಿ ಆರಾಮಾಗಿ ಒಂದೂವರೆ ತಿಂಗಳು. ಲೆಕ್ಕ ಆಮೇಲೆ ಕೊಡುತ್ತೇನೆ. ಬೋರ್ಡಿನ ಬಣ್ಣ ಎಷ್ಟು, ಪಜಲ್ ಎಷ್ಟು ಅನ್ನೋದೆಲ್ಲ ಡೌನ್‌ಲೋಡ್ ಪುಟದಲ್ಲೇ ಇದೆ, ನೋಡಿಕೊಳ್ಳಿ. ನಾನು ಬಳಸೋದು ಒಂದೇ ಭಾಗ: ಒಂದೊಂದು ನಡೆಗೆ ಮೂರು ದಿನ ಟೈಮ್ ಇರುವ ಕರೆಸ್ಪಾಂಡೆನ್ಸ್ ಆಟ. ಅದೂ ಪುಕ್ಕಟೆ ಆವೃತ್ತಿಯಲ್ಲಿ.

ಗಂಗಾವತಿಯ ಒಂದು ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುವವನು ನಾನು. ಐದು ನಿಮಿಷದ ಆಟ ನಮ್ಮಂಥವರಿಗಲ್ಲ. ಶುರು ಮಾಡಿ ಕುದುರೆ ಹೊರಗೆ ತೆಗೆಯುವಷ್ಟರಲ್ಲಿ ಭತ್ತದ ಟ್ರ್ಯಾಕ್ಟರ್ ಕಾಟಾ ಮೇಲೆ ನಿಂತಿರುತ್ತದೆ. ಚೀಟಿ ಬರೆದು ಬರುವಷ್ಟರಲ್ಲಿ ಟೈಮ್ ಮುಗಿದು ಆಟ ಹೋಗಿರುತ್ತದೆ. ಮೂರು ದಿನದ ಆಟದಲ್ಲಿ ಆ ತಾಪತ್ರಯ ಇಲ್ಲ. ಬೆಳಿಗ್ಗೆ ಆಫೀಸಿನ ಬೀಗ ತೆಗೆದು, ಚಹಾ ಬರುವ ತನಕ ಮೊಬೈಲ್ ತೆರೆಯುತ್ತೇನೆ. ಯಾವ್ಯಾವ ಆಟದಲ್ಲಿ ನನ್ನ ಸರದಿ ಅಂತ ಮೇಲೇ ಕಾಣುತ್ತದೆ. ಸುಲಭದವನ್ನು ಅಲ್ಲೇ ಮುಗಿಸಿ, ಕಠಿಣವಾದ ಒಂದನ್ನು ಮಾತ್ರ ಡ್ರಾಯರಿನಲ್ಲಿರುವ ಅಂಗೈಯಗಲದ ಮ್ಯಾಗ್ನೆಟ್ ಬೋರ್ಡಿನ ಮೇಲೆ ಜೋಡಿಸಿಡುತ್ತೇನೆ. ದಿನವೆಲ್ಲ ಡ್ರಾಯರ್ ಎಳೆದಾಗೊಮ್ಮೆ ಕಣ್ಣಿಗೆ ಬೀಳಬೇಕು, ಅಷ್ಟೇ. ತೌಡಿನ ಧೂಳಿಗೆ ಕರಿಕಾಯಿಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿವೆ. ಸಂಜೆ ಬೆಳಕಿನಲ್ಲಿ ಯಾವುದು ಕರಿ, ಯಾವುದು ಬಿಳಿ ಅಂತ ಮೂಸಿ ನೋಡಬೇಕಾದ ಸ್ಥಿತಿ. ನಮ್ಮ ಹಮಾಲರಲ್ಲಿ ಒಬ್ಬ ಬಂದಾಗೊಮ್ಮೆ ಇಣುಕುತ್ತಾನೆ. "ಸರ್ರ, ಮೊನ್ನೆನೂ ಆನಿ ಅಲ್ಲೇ ಇತ್ತಲ್ರಿ, ಇನ್ನಾ ಎದ್ದಿಲ್ಲೇನ್ರಿ?" ಅಂತ ಕೇಳಿ ನಗುತ್ತಾನೆ.

ಆಪಿನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಷರತ್ತಿನ ನಡೆಗಳು. ಎದುರಾಳಿ ಕುದುರೆ ಹೊಡೆದರೆ ನಾನು ಒಂಟೆಯಿಂದ ತಿರುಗಿ ಹೊಡೆಯುತ್ತೇನೆ, ಆಮೇಲೆ ಅವನು ಚೆಕ್ ಕೊಟ್ಟರೆ ರಾಜನನ್ನು ಪಕ್ಕಕ್ಕೆ ಸರಿಸುತ್ತೇನೆ ಅಂತ ಮೊದಲೇ ಬರೆದಿಡಬಹುದು. ಅವನು ಹಾಗೇ ಆಡಿದನೆಂದರೆ ನನ್ನ ಉತ್ತರ ತಾನೇ ಹೋಗುತ್ತದೆ. ರಾತ್ರಿ ಮಲಗಿ ಎದ್ದರೆ ಆಟ ನಾಲ್ಕು ನಡೆ ಮುಂದೆ ಹೋಗಿರುತ್ತದೆ. ಆಟದ ಶುರುವಿನ ನಡೆಗಳ ಪುಸ್ತಕ (ಓಪನಿಂಗ್ ಪುಸ್ತಕ) ತೆರೆದಿಟ್ಟುಕೊಂಡು ಆಡಬಹುದು, ಅದಕ್ಕೆ ಅಡ್ಡಿ ಇಲ್ಲ. ಕಂಪ್ಯೂಟರ್ ಎಂಜಿನ್‌ನಿಂದ ನಡೆ ಕೇಳುವಂತಿಲ್ಲ, ಅದು ಮೋಸ.

ಇನ್ನು ಶುರುವಿನಲ್ಲಿ ಹೇಳಿದ, ಸೋತೆ ಅನ್ನದ ಆ ಮಹಾಶಯನ ವಿಷಯ. ನಡುವಿನ ಆಟದಲ್ಲಿ ನನ್ನ ಕಾಲಾಳೊಂದನ್ನು ಬಿಟ್ಟಿ ಹೊಡೆದು ಹುರುಪಿನಲ್ಲಿದ್ದಾಗ ಆತ ದಿನಕ್ಕೆ ಎರಡು ನಡೆ ಆಡುತ್ತಿದ್ದ. ಮಂತ್ರಿ ಹೋಯಿತು ನೋಡಿ, ಅಲ್ಲಿಂದ ಅವನ ಗಡಿಯಾರಕ್ಕೆ ರೋಗ ಹತ್ತಿತು. ಪ್ರತಿ ನಡೆಯೂ ಗಡುವು ಇನ್ನು ಮುಕ್ಕಾಲು ಗಂಟೆ ಇದೆ ಅನ್ನುವಾಗ. ಕೊನೆಗೆ ಅವನ ಕಡೆ ಒಂಟಿ ರಾಜ, ನನ್ನ ಕಡೆ ರಾಜ ಮತ್ತು ಆನೆ. ಇದು ಚೆಸ್ ಕಲಿತ ಮಕ್ಕಳೂ ಮುಗಿಸುವ ಆಟ. ರಾಜ ಎಲ್ಲೇ ಇರಲಿ, ಸರಿಯಾಗಿ ಆಡಿದರೆ ಹೆಚ್ಚೆಂದರೆ 16 ನಡೆಯಲ್ಲಿ ಮಾತ್. ಆದರೆ ಆ 16ರ ನಡುವೆ ಅವನ 15 ಉತ್ತರ ಬರಬೇಕಲ್ಲ, ಒಂದೊಂದಕ್ಕೆ ಮೂರು ದಿನ ಹಿಡಿಯಿರಿ, 45 ದಿನ! ನಡುವೆ ಗಡಿಯಾರ ನಿಲ್ಲಿಸಲು ಆಪು ಕೊಡುವ ರಜೆಯನ್ನೂ ಹಾಕಿದ, ಅದು ಬೇರೆ ಲೆಕ್ಕ. ಅದೇ ಹೊತ್ತಿಗೆ ಅವನ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕಿ ಉರಿಯುತ್ತಿತ್ತು. ಯಾರ ಜೊತೆಗೋ ಮೂರು ನಿಮಿಷದ ಆಟ ನಡೆದಿತ್ತು. ಸಾಲ ಇಸಕೊಂಡವನು ನಮ್ಮೆದುರಿಗೇ ಹೋಟೆಲಿನಲ್ಲಿ ಕೂತು ಮಿರ್ಚಿ ತಿನ್ನುತ್ತ 'ನಾಳೆ ಬರ್ರಿ' ಅಂದ ಹಾಗಾಯಿತು.

ಕಸಿವಿಸಿಯಾಗಿದ್ದು ತಡಕ್ಕಲ್ಲ, ಅದರ ಹಿಂದಿನ ಹೊಂಚಿಗೆ. ನವೆಂಬರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಬರಲು ಶುರುವಾದರೆ ನಮಗೆ ಊಟಕ್ಕೂ ಪುರುಸೊತ್ತಿರೋದಿಲ್ಲ. ಆ ವಾರಗಳಲ್ಲಿ ನಾನು ಒಂದು ನಡೆ ಮರೆತರೆ ಸಾಕು, ಗೆದ್ದ ಆಟ ಟೈಮ್ ಮೀರಿ ಡ್ರಾ ಆಗಿಬಿಡುತ್ತದೆ. ಅವನು ಕಾಯುತ್ತಿದ್ದದ್ದು ಅದನ್ನೇ. ನಿಯಮ ಮುರಿದಿಲ್ಲ, ನಿಜ. ದೂರು ಕೊಟ್ಟೆ, ಕೊಟ್ಟ ಸಮಯದೊಳಗೇ ಆಡಿದ್ದಾರೆ ಅಂತ ಸಿದ್ಧ ಉತ್ತರ ಬಂತು.

ಹಟದಿಂದ ಕೊನೆಯವರೆಗೂ ಆಡುವವರ ಮೇಲೆ ನನ್ನ ತಕರಾರಿಲ್ಲ. ಒಂದು ಕಾಲಾಳು ಕಡಿಮೆ ಇದ್ದವನು ಸ್ಟೇಲ್‌ಮೇಟ್ (ಆಡಲು ನಡೆಯೇ ಉಳಿಯದೆ ಆಗುವ ಡ್ರಾ) ಸಿಕ್ಕೀತೇನೋ ಅಂತ ಒದ್ದಾಡೋದು ಅವನ ಹಕ್ಕು. ಅಂಥವರ ಜೊತೆ ಆಡುವುದೇ ಚೆಂದ. ಗೆಲ್ಲುವಾಗ ಒಂದು ವೇಗ, ಸೋಲುವಾಗ ಇನ್ನೊಂದು ವೇಗ, ಅದು ಹೊಲಸು.

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಚಾಳಿ ಅಂದುಕೊಂಡಿದ್ದೆ. ಅಲ್ಲವಂತೆ. ಅಂಚೆ ಚೆಸ್ಸಿನ ಅಂತರರಾಷ್ಟ್ರೀಯ ಸಂಸ್ಥೆ ಐಸಿಸಿಎಫ್ 1951ರಿಂದ ಇದೆ. ಆಗ ಪೋಸ್ಟ್ ಕಾರ್ಡಿನಲ್ಲಿ ನಡೆ ಬರೆದು ಕಳಿಸುತ್ತಿದ್ದರು. ಭಾಷೆಯ ತೊಡಕು ಬೇಡ ಅಂತ ಬರೀ ಅಂಕಿ, ಬಿಳಿ ರಾಜನ ಮುಂದಿನ ಕಾಲಾಳು ಎರಡು ಮನೆ ಹಾರಿದರೆ 5254, ಅಂದರೆ ಐದನೇ ಸಾಲಿನ 2ನೇ ಮನೆಯಿಂದ ಅದೇ ಸಾಲಿನ 4ನೇ ಮನೆಗೆ. ಕಾರ್ಡು ದಾರಿಯಲ್ಲಿ ಕಳೆದ ದಿನಗಳನ್ನು ಆಟಗಾರನ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಂಥ ತಾಳ್ಮೆಯ ಜನವೇ ಸೋತ ಆಟ ಎಳೆಯುವುದಕ್ಕೆ 'ಡೆಡ್ ಮ್ಯಾನ್ಸ್ ಡಿಫೆನ್ಸ್' (ಸತ್ತವನ ರಕ್ಷಣೆ) ಅಂತ ಹೆಸರಿಟ್ಟು, ಅದನ್ನು ದುರ್ನಡತೆ ಅಂತ ಪರಿಗಣಿಸುತ್ತಾರೆ ಅಂದಮೇಲೆ ನಮ್ಮ ಆಪಿನವರಿಗೆ ಏನು ಅಡ್ಡಿ?

ಇಷ್ಟಾದರೂ ಆಪ್ ತೆಗೆದುಹಾಕಿಲ್ಲ. ಕಾರಣ 2024ರ ಆಗಸ್ಟ್. ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋದ ವಾರ ಇಲ್ಲಿ ಯಾರಿಗೆ ಚೆಸ್ ನೆನಪಿತ್ತು? ಡ್ಯಾಮ್ ಬರಿದಾದರೆ ಬೆಳೆ ಇಲ್ಲ, ಬೆಳೆ ಇಲ್ಲದಿದ್ದರೆ ಮಿಲ್ಲಿಗೆ ಭತ್ತ ಇಲ್ಲ. ಆಗ ಪೋಲೆಂಡಿನ ಬಾವುಟದ ಒಬ್ಬರ ಜೊತೆ ಆಟ ನಡೆದಿತ್ತು. ಹೀಗಾಗಿದೆ, ತಡವಾಗಬಹುದು ಅಂತ ಚಾಟಿನಲ್ಲಿ ಎರಡು ಸಾಲು ಹಾಕಿದೆ. ತಕ್ಷಣ ಅವರೇ ತಮ್ಮ ನಡೆಯನ್ನು ತಡೆಹಿಡಿದರು, ನನ್ನ ಗಡಿಯಾರ ಓಡದಿರಲಿ ಅಂತ. ಗೇಟಿನ ಜಾಗದಲ್ಲಿ ಸ್ಟಾಪ್‌ಲಾಗ್ (ತಾತ್ಕಾಲಿಕ ಅಡ್ಡಗೇಟು) ಇಳಿಸಿ ನೀರು ನಿಲ್ಲಿಸಿದರಲ್ಲ, ಆ ಸುದ್ದಿ ನಾನು ಚಾಟಿನಲ್ಲಿ ಹಾಕಿದ ಮೇಲೇ ಅವರ ಆನೆ ಕದಲಿದ್ದು. ಆ ಆಟ ನಾನು ಸೋತೆ, ಶರಣು ಅಂತ ಒತ್ತಿದೆ. ಎಲ್ಲಿಂದ ಕೆಟ್ಟಿತು ಅಂತ ಅವರು ನಡೆ ನಡೆಯಾಗಿ ಬರೆದು ಕಳಿಸಿದರು. ಈಗ ಅವರ ಜೊತೆ ಒಂದು ಆಟವಾದರೂ ಸದಾ ನಡೆದಿರುತ್ತದೆ.

ಹೊಸಬರಿಗೆ ಒಂದು ಉಪಾಯ. ಆಟ ಒಪ್ಪಿಕೊಳ್ಳುವ ಮೊದಲು ಪ್ರೊಫೈಲ್ ತೆರೆದು ಎರಡು ನೋಡಿ: ಒಂದು ನಡೆಗೆ ಸರಾಸರಿ ಎಷ್ಟು ಹೊತ್ತು, ಟೈಮ್ ಮೀರಿ ಸೋತದ್ದು ಶೇಕಡಾ ಎಷ್ಟು. ಸರಾಸರಿ ಎರಡು ದಿನ ಮೀರಿದವರ ಗೊಡವೆ ನನಗೆ ಬೇಡ. ಸುಗ್ಗಿಯಲ್ಲಿ ನನ್ನ ಸರಾಸರಿಯೂ ಏರುತ್ತದೆ, ಅದಕ್ಕೇ ಆಟದ ಶುರುವಿನಲ್ಲೇ ಹೇಳಿಬಿಡುತ್ತೇನೆ.

ಐದಕ್ಕೆ ಮೂರೂವರೆ ಸ್ಟಾರ್. ವರ್ಷದ ಚಂದಾ ಕಟ್ಟಿ ಅಂತ ದಿನಾ ಕಾಡುವ ಕಂಪನಿಯವರಿಗೆ ನನ್ನದೊಂದು ಷರತ್ತಿದೆ. ಬೋರ್ಡಿನ ಮೇಲೆ ಏಳು ಕಾಯಿ ಅಥವಾ ಅದಕ್ಕಿಂತ ಕಡಿಮೆ ಉಳಿದರೆ, ಗೆಲುವು ಯಾರದು ಅಂತ ಟೇಬಲ್‌ಬೇಸ್ ಅನ್ನುವ ಕಂಪ್ಯೂಟರ್ ಪಟ್ಟಿಯಲ್ಲಿ ಮೊದಲೇ ಲೆಕ್ಕ ಹಾಕಿಟ್ಟಿದ್ದಾರೆ. ಐಸಿಸಿಎಫ್‌ನಲ್ಲಿ ಆಟಗಾರ ಅದನ್ನು ತೋರಿಸಿ ಗೆಲುವು ಕೇಳಬಹುದು. ಆ ಬಟನ್ ಒಂದನ್ನು ಇಲ್ಲೂ ಹಾಕಿ. ಹಾಕಿದ ದಿನವೇ ಚಂದಾ ಕಟ್ಟುತ್ತೇನೆ.