ಕರುವಿನ ಸೀರಮ್ ನೋಡುವ ಕೈ ರಿಫ್ರ್ಯಾಕ್ಟೋಮೀಟರ್: ವರ್ಷಗಟ್ಟಲೆ ಬಳಸಿದ ಮೇಲೆ

ನಾನು ಬಳ್ಳಾರಿ ಕಡೆ ಹಳ್ಳಿಗಳಲ್ಲಿ ಓಡಾಡುವ ಪಶುವೈದ್ಯೆ. ಸ್ಟೆತಸ್ಕೋಪ್ ಜೊತೆ ಬ್ಯಾಗಿನಲ್ಲಿ ಸದಾ ಇರುವುದು ಈ ರಿಫ್ರ್ಯಾಕ್ಟೋಮೀಟರ್, ಅಂದರೆ ಸೀರಮ್ಮಿನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಪ್ರೋಟೀನ್ ಎಷ್ಟಿದೆ ಅಂತ ಅಂದಾಜು ಮಾಡುವ ಉಪಕರಣ. ಅಂಗೈಗಿಂತ ಸ್ವಲ್ಪ ಉದ್ದ, ಬ್ಯಾಟರಿ ಬೇಡ. ಕೊಳ್ಳುವಾಗ ಕ್ಲಿನಿಕಲ್ ಮಾದರಿ ಅಂತಲೇ ಕೇಳಿ. ಅದರಲ್ಲಿ ಸೀರಮ್ ಪ್ರೋಟೀನಿಗೆ 0ಯಿಂದ 12ರವರೆಗಿನ ಸ್ಕೇಲ್ ಇರುತ್ತದೆ, ಗ್ರಾಂ ಪ್ರತಿ ಡೆಸಿಲೀಟರ್ ಲೆಕ್ಕದಲ್ಲಿ.

ಇದರ ದೊಡ್ಡ ಉಪಯೋಗ ಎಳೆಗರುಗಳಲ್ಲಿ. ಕರು ಹೊಟ್ಟೆಯಲ್ಲಿದ್ದಾಗ ತಾಯಿಯ ಪ್ರತಿಕಾಯಗಳು (ರೋಗದ ವಿರುದ್ಧ ಹೋರಾಡುವ ಪ್ರೋಟೀನುಗಳು) ಅದಕ್ಕೆ ದಾಟಿ ಬರುವುದಿಲ್ಲ. ರೋಗ ತಡೆಯುವ ಶಕ್ತಿ ಬರಬೇಕಾದ್ದು ಗಿಣ್ಣುಹಾಲಿನಿಂದಲೇ. ಒಂದು ದಿನ ಕಳೆಯುವಷ್ಟರಲ್ಲಿ ಕರುಳು ಅವನ್ನು ಹೀರಿಕೊಳ್ಳುವುದನ್ನೂ ನಿಲ್ಲಿಸಿಬಿಡುತ್ತದೆ. "ಕುಡಿದೈತೆ ಡಾಕ್ಟ್ರಮ್ಮ" ಅಂತ ಮನೆಯವರು ಹೇಳುತ್ತಾರೆ. ಯಾವಾಗ, ಎಷ್ಟು ಅನ್ನೋದೇ ಮುಖ್ಯ, ಅಲ್ವಾ?

ಎರಡನೇ ದಿನದಿಂದ ವಾರದೊಳಗೆ ಕರುವಿನ ಕುತ್ತಿಗೆಯ ನಾಳದಿಂದ ರಕ್ತ ತೆಗೆದು, ಕೆಂಪು ಮುಚ್ಚಳದ ಟ್ಯೂಬಿನಲ್ಲಿ ಹೆಪ್ಪುಗಟ್ಟಲು ಬಿಡುತ್ತೇನೆ. ಮೇಲೆ ನಿಂತ ತಿಳಿ ಹಳದಿ ಸೀರಮ್ ಎರಡು ಹನಿ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದರೆ, ನೀಲಿ ಬಿಳಿ ಸೇರುವ ಗೆರೆ ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಪ್ರತಿಕಾಯಗಳೂ ಪ್ರೋಟೀನೇ ಆದ್ದರಿಂದ, ಗಿಣ್ಣುಹಾಲು ಸರಿಯಾಗಿ ಸಿಕ್ಕಿತೋ ಇಲ್ಲವೋ ಅಂತ ಈ ಅಂಕಿಯಿಂದ ಅಂದಾಜಾಗುತ್ತದೆ. 6.2 ದಾಟಿದರೆ ಬಹಳ ಚೆನ್ನಾಗಿದೆ. 5.1ಕ್ಕಿಂತ ಕೆಳಗಿದ್ದರೆ ಆ ಕರುವಿಗೆ ಭೇದಿ, ನ್ಯುಮೋನಿಯಾ ಬರುವ ಅಪಾಯ ಜಾಸ್ತಿ, ಕಣ್ಣಿಟ್ಟಿರಬೇಕು.

ಒಂದು ಮನೆಯಲ್ಲಿ ಕರುಗಳ ಅಂಕಿ ಪದೇ ಪದೇ 5ರ ಕೆಳಗೇ ಬರುತ್ತಿತ್ತು. ವಿಚಾರಿಸಿದರೆ, ಮೊದಲ ಸಲ ಕರೆದ ಹಾಲು ಗಿಣ್ಣು ಮಾಡಲು ನೆಂಟರ ಮನೆಗಳಿಗೆ ಹೋಗುತ್ತಿತ್ತು. ಅಲ್ಲಿನ ಅಜ್ಜಿಗೆ ಗೆರೆ ತೋರಿಸಿ, ಎಲ್ಲಿರಬೇಕಿತ್ತು ಅಂತಲೂ ಹೇಳಿದೆ. ಈಗ ಅವರು ಕರುವಿಗೆ ಕುಡಿಸಿದ ಮೇಲೇ ಪಾತ್ರೆ ಹಿಡಿಯುತ್ತಾರೆ. ನನ್ನ ಮಾತಿಗಿಂತ ಆ ಗೆರೆ ಕೆಲಸ ಮಾಡಿತು, ಈ ಉಪಕರಣ ನನಗೆ ಇಷ್ಟವಾಗಿದ್ದೇ ಅದಕ್ಕೆ.

ಆದರೆ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಇದು ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ, ಬೆಳಕು ಎಷ್ಟು ಬಾಗಿತು ಅನ್ನೋದನ್ನು ನೋಡುತ್ತದೆ. ಭೇದಿಯಾಗಿ ಮೈಯಲ್ಲಿ ನೀರು ಬತ್ತಿದ ಕರುವಿನಲ್ಲಿ ಅಂಕಿ ಸುಮ್ನೆ ಮೇಲೇರುತ್ತದೆ. ಸೀರಮ್ ಕೆಂಪಾಗಿದ್ದರೆ, ಹಾಲಿನಂತೆ ಮಬ್ಬಾಗಿದ್ದರೆ ಕೂಡ ಹಾಗೇ. ದೊಡ್ಡ ಹಸುಗಳಲ್ಲಿ ಅಲ್ಬುಮಿನ್ ಎಷ್ಟು, ಗ್ಲಾಬ್ಯುಲಿನ್ ಎಷ್ಟು (ಎರಡೂ ರಕ್ತದ ಬೇರೆ ಬೇರೆ ಪ್ರೋಟೀನುಗಳು) ಅಂತ ಬಿಡಿಸಿ ಹೇಳುವ ಶಕ್ತಿ ಇದಕ್ಕಿಲ್ಲ. ಜಂತುಬಾಧೆ, ಲಿವರ್ ತೊಂದರೆ ಅನುಮಾನ ಇದ್ದರೆ ಲ್ಯಾಬಿಗೇ ಕಳಿಸುತ್ತೇನೆ.

ದೂರುಗಳೂ ಇವೆ. ತಾಪಮಾನ ಸರಿದೂಗಿಸುವ ವ್ಯವಸ್ಥೆ 10ರಿಂದ 30 ಡಿಗ್ರಿವರೆಗೆ ಅಂತ ನನ್ನದರ ಮೇಲೆ ಬರೆದಿದೆ. ನಮ್ಮ ಬೇಸಿಗೆಗೆ ಅದು ಸಾಲದು. ನೆರಳಿನ ತಂಪಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಡಿಸ್ಟಿಲ್ಡ್ ವಾಟರ್ ಹಾಕಿ ಗೆರೆ 0ಗೆ ಬರುತ್ತಾ ಅಂತ ನೋಡಿಕೊಂಡೇ ಶುರು ಮಾಡುತ್ತೇನೆ. ಪ್ಲಾಸ್ಟಿಕ್ ಮುಚ್ಚಳದ ಕೀಲು ಸಡಿಲವಾಯಿತು, ಬಿಡಿಭಾಗ ಸಿಗಲ್ಲ ಅಂದರು ಮಾರಿದವರು. ಗಾಜನ್ನು ದೂಳಿನ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ಮೆತ್ತನೆ ಟಿಶ್ಯೂ ಇಟ್ಟುಕೊಳ್ಳಿ, ಸೀರಮ್ ಒಣಗುವ ಮುಂಚೆ ಒರೆಸಿ.

ನಾಲ್ಕೈದು ಹಸು ಇರುವ ಮನೆಗೆ ಇದು ಬೇಕಿಲ್ಲ, ಡಾಕ್ಟರ ಹತ್ತಿರ ಇದ್ದರೆ ಸಾಕು. ವರ್ಷವಿಡೀ ಕರು ಹುಟ್ಟುವ ಡೇರಿ ಇದ್ದರೆ ಖಂಡಿತ ತಗೊಳ್ಳಿ.