ಟ್ರಿಣ್ ಟ್ರಿಣ್: ಮೈಸೂರಿನ ಸಾರ್ವಜನಿಕ ಸೈಕಲ್ ಮತ್ತು ಅದು ಓಡುವ ಬೀದಿಗಳು

ಮೈಸೂರಿನ ‘ಟ್ರಿಣ್ ಟ್ರಿಣ್’ ಸೇವೆಯನ್ನು ಸೈಕಲ್ಲಿನ ಗುಣಮಟ್ಟವೊಂದರಿಂದಲೇ ಅಳೆಯಲಾಗದು. ಹಳೆಯ ಬಡಾವಣೆಯಾದ ಚಾಮರಾಜಪುರಂನಲ್ಲಿ ಹಿತವಾಗಿ ಓಡುವ ಅದೇ ಸೈಕಲ್ಲು ಹೊರವರ್ತುಲ ರಸ್ತೆಯನ್ನು ದಾಟಬೇಕಾದಾಗ ಸವಾರನಲ್ಲಿ ಭಯ ಹುಟ್ಟಿಸುತ್ತದೆ.

ಮಹಾನಗರ ಪಾಲಿಕೆಯೂ ನಗರ ಭೂಸಾರಿಗೆ ನಿರ್ದೇಶನಾಲಯವೂ ಜಾಗತಿಕ ಪರಿಸರ ನಿಧಿಯ ನೆರವಿನೊಂದಿಗೆ 2017ರ ಜೂನ್‌ನಲ್ಲಿ ಈ ಸೇವೆಯನ್ನು ಆರಂಭಿಸಿದಾಗ ಸುಮಾರು 450 ಸೈಕಲ್‌ಗಳೂ 48 ನಿಲ್ದಾಣಗಳೂ ಇದ್ದವು. ಒಂದು ನಿಲ್ದಾಣದಲ್ಲಿ ಪಡೆದ ಸೈಕಲ್ಲನ್ನು ಇನ್ನೊಂದರಲ್ಲಿ ಬಿಡಬಹುದಾದ ಈ ವ್ಯವಸ್ಥೆಯಲ್ಲಿ, ರೈಲಿನಿಂದ ಇಳಿದವರು ಆಟೊಗಾಗಿ ಕಾಯದೆ ಅರಮನೆಯ ಕಡೆಗೆ ಹೊರಡಬಹುದು. ಆಸನವನ್ನು ತಮ್ಮ ಎತ್ತರಕ್ಕೆ ಹೊಂದಿಸಿಕೊಳ್ಳಬಹುದು. ಮುಂದಿನ ಬುಟ್ಟಿಯಲ್ಲಿ ದೇವರಾಜ ಮಾರುಕಟ್ಟೆಯ ಸೊಪ್ಪು, ಹೂವು, ಒಂದು ಕೈಚೀಲ ನೆಮ್ಮದಿಯಾಗಿ ಕೂರುತ್ತವೆ. ನಿತ್ಯದ ಸಣ್ಣಪುಟ್ಟ ಕೆಲಸಗಳಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಆದರೆ ಈ ಸೇವೆಯ ನಿಜವಾದ ಬಲವಿರುವುದು ಹಳೆಯ ಬಡಾವಣೆಗಳ ವಿನ್ಯಾಸದಲ್ಲಿ. ಪ್ಲೇಗಿನ ಹಾವಳಿಯ ನಂತರ, 1903ರಲ್ಲಿ ರಚನೆಯಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯು ಕಿಕ್ಕಿರಿದ ಕೇರಿಗಳನ್ನು ಸಡಿಲಗೊಳಿಸಿ ಗಾಳಿ, ಬೆಳಕು, ಒಳಚರಂಡಿಗೆ ಅವಕಾಶ ಮಾಡಿಕೊಡುವ ಕೆಲಸಕ್ಕೆ ಕೈಹಾಕಿತು. ಅಂದು ಆರೋಗ್ಯಕ್ಕೆಂದು ರೂಪಿಸಿದ ಬೀದಿಗಳೇ ಇಂದು ನಡೆಯುವವರಿಗೂ ಸೈಕಲ್ ಸವಾರರಿಗೂ ಒದಗುತ್ತಿವೆ: ಅಡ್ಡರಸ್ತೆಗಳು ಒಂದಕ್ಕೊಂದು ಕೂಡಿಕೊಳ್ಳುವುದರಿಂದ ಮುಖ್ಯರಸ್ತೆಗೆ ಇಳಿಯದೆಯೇ ಸಾಗಬಹುದು, ಮರಗಳ ನೆರಳಿದೆ, ಶಾಲೆ, ಅಂಗಡಿ, ದೇವಸ್ಥಾನಗಳೆಲ್ಲ ಹತ್ತಿರದಲ್ಲಿವೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂಥ ಬಡಾವಣೆಯಲ್ಲಿ ವ್ಯಾಯಾಮಕ್ಕೆಂದೇ ಸಮಯ ಮೀಸಲಿಡದವರಿಗೂ ಹಾಲು, ಔಷಧಿ, ಗ್ರಂಥಾಲಯ ಎಂದು ಓಡಾಡುವುದರಲ್ಲೇ ಅದರ ಬಹುಪಾಲು ದಕ್ಕಬಲ್ಲದು.

ಹೊರವಲಯದ ಹೊಸ ಬಡಾವಣೆಗಳಲ್ಲಿ ರಸ್ತೆಗಳು ಅಗಲವಾಗಿವೆ, ನಿಜ. ಅಗಲವಾದಷ್ಟೂ ವಾಹನಗಳ ವೇಗ ಏರುತ್ತದೆ, ರಸ್ತೆ ದಾಟುವುದು ಕಷ್ಟವಾಗುತ್ತದೆ. ಎಷ್ಟೋ ಕಡೆ ಪಾದಚಾರಿ ಮಾರ್ಗವು ಮನೆಮನೆಯ ಗೇಟಿನ ಇಳಿಜಾರಿಗೆ ತುಂಡಾಗಿ, ಉಳಿದ ಭಾಗದಲ್ಲಿ ಕಾರು ನಿಂತಿರುತ್ತದೆ. ಊರುಗೋಲು ಹಿಡಿದ ಹಿರಿಯರು ಅಲ್ಲಿ ರಸ್ತೆಗೇ ಇಳಿದು ನಡೆಯಬೇಕಾಗುತ್ತದೆ. ಅಂಥಲ್ಲಿ ಎಷ್ಟೇ ಒಳ್ಳೆಯ ಸೈಕಲ್ ತಂದು ನಿಲ್ಲಿಸಿದರೂ, ಮಕ್ಕಳನ್ನು ಅದರ ಮೇಲೆ ಕಳುಹಿಸಲು ಹೆತ್ತವರಿಗೆ ಧೈರ್ಯ ಬಾರದು.

ಹಳೆಯ ಮೈಸೂರಿನೊಳಗೆ ಓಡಾಡುವವರು ಈ ಸೇವೆಯ ಸದಸ್ಯತ್ವವನ್ನು ಧಾರಾಳವಾಗಿ ಪಡೆಯಬಹುದೆಂಬುದು ನನ್ನ ಅಭಿಪ್ರಾಯ. ಇದು ಊರಿನ ಉಳಿದ ಭಾಗಕ್ಕೂ ಒದಗಬೇಕಾದರೆ, ಸೈಕಲ್ ನಿಲ್ದಾಣಗಳನ್ನು ಇಡುವಾಗ ಪ್ರವಾಸಿ ತಾಣಗಳಿಗೆ ಸಿಗುವಷ್ಟೇ ಗಮನ ಬಡಾವಣೆಗಳ ಬಸ್ ನಿಲ್ದಾಣಗಳಿಗೂ ಸಿಗಬೇಕು. ಜೊತೆಗೆ, ಹೊಸ ಸೈಕಲ್‌ಗಳಿಗೆ ಹಣ ಕೊಡುವ ಮೊದಲೇ ವರ್ತುಲ ರಸ್ತೆಯ ಕೂಡುರಸ್ತೆಗಳಲ್ಲಿ ವೇಗ ತಗ್ಗಿಸುವ ಉಬ್ಬು ದಾಟುದಾರಿಗಳನ್ನು ನಿರ್ಮಿಸಬೇಕು.